ಎಲೆ ಬಾಚುವ ಮುಂಚೆ ಈ ಪತ್ರ ಓದಿ

ಎತ್ತರದ ಬೆಟ್ಟಗಳ ಕಾಡು, ಕೆರೆ, ರಸ್ತೆ, ಹಿಮದಾಟದ ಇಳಿಜಾರು ನೋಡಿಕೊಳ್ಳುವ ಅಧಿಕಾರಿಗಳಿಗೆ, ಮತ್ತು ಅಲ್ಲಿಗೆ ಹೋಗಿ ಬರುವ ನಮ್ಮೆಲ್ಲರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಚಳಿ ಶುರುವಾಗುವ ಹೊತ್ತಿಗೆ ಬೆಟ್ಟದ ಕಾಡಿನಲ್ಲಿ ತರಗೆಲೆ ಬಾಚಿ, ಗುಡ್ಡೆ ಹಾಕಿ ಸುಡುವ ಕೆಲಸವನ್ನು ದಯವಿಟ್ಟು ನಿಲ್ಲಿಸಿ. ಬಿದ್ದ ಮರದ ದಿಮ್ಮಿಗಳನ್ನು ಎತ್ತಿ ಸಾಗಿಸಬೇಡಿ. ಕಾಡಿನೊಳಗಿನ ಹಿಮದ ಮೇಲೆ ಯಂತ್ರ ಓಡಿಸಿ ಅದನ್ನು ಗಟ್ಟಿ ಮಾಡಬೇಡಿ. ಮೀನಿಲ್ಲದ ಕೆರೆಗೆ ಮೀನು ಬಿಡಬೇಡಿ. ನಾನು ಮುಖ್ಯವಾಗಿ ಕೇಳುತ್ತಿರುವುದು ಇಷ್ಟು, ಚಳಿಗಾಲವನ್ನು ಅಲ್ಲೇ ಕಳೆಯುವ ಕಪ್ಪೆಗಳಿಗಾಗಿ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು, ಅದಕ್ಕೇ ಪತ್ರ ಉದ್ದವಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಬೆಟ್ಟದ ಕಾಡಿನಲ್ಲಿ ಬೆಳಗ್ಗೆ ನಡೆಯುತ್ತಿದ್ದೆ. ಹಿಂದಿನ ರಾತ್ರಿ ಜೋರು ಚಳಿ ಬಿದ್ದು, ನೆಲದ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಕಾಲುದಾರಿಯ ಪಕ್ಕ ಇಬ್ಬರು ಕೆಲಸದವರು ಎಲೆ ಬಾಚುತ್ತಿದ್ದರು. ಎಲೆಯ ಜೊತೆ ಒಂದು ಕಪ್ಪೆ ಉರುಳಿ ಬಂತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ, ಕಣ್ಣಿನ ಹಿಂದೆ ಕಪ್ಪು ಪಟ್ಟಿ. ಕೈಗೆ ತೆಗೆದುಕೊಂಡೆ. ಕಲ್ಲು ಹಿಡಿದ ಹಾಗಿತ್ತು. ಕಾಲುಗಳನ್ನು ಮಡಚಿ ಹೊಟ್ಟೆಗೆ ಒತ್ತಿಕೊಂಡಿತ್ತು, ಬಿಡಿಸಲು ಹೋದರೆ ಮುರಿದೇ ಹೋಗುತ್ತದೇನೋ ಅನ್ನಿಸಿತು. ಕಣ್ಣು ಬಿಳಿಚಿಕೊಂಡಿತ್ತು. ಉಗುರಿನಿಂದ ತಟ್ಟಿದರೆ ಟಕ್ ಅಂತ ಸದ್ದು. "ಪಾಪ, ಸತ್ತು ಹೋಗಿದೆ" ಅಂದೆ. ಅವರೂ ಹಾಗೇ ಅಂದುಕೊಂಡರು. ಕಪ್ಪೆಯನ್ನು ಎಲೆಗುಡ್ಡೆಯ ಮೇಲೇ ಇಟ್ಟು ಮುಂದೆ ಹೋದೆ. ಮಧ್ಯಾಹ್ನ ವಾಪಸ್ ಬರುವಾಗ ಗುಡ್ಡೆ ಹೊತ್ತಿಕೊಂಡು ಹೊಗೆಯಾಡುತ್ತಿತ್ತು.

ಕಲ್ಲಾದ ಕಪ್ಪೆ ಅಂದರೆ ಸತ್ತ ಕಪ್ಪೆ ಅಲ್ಲ ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ, ಓದಿದಾಗ. ಅವತ್ತಿನಿಂದ ಆ ಗುಡ್ಡೆ ಮನಸ್ಸಿನಿಂದ ಹೋಗಿಲ್ಲ. ಕೆಲಸದವರ ತಪ್ಪೇನೂ ಇಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಎಲೆ ಬಾಚಿ ಅಂತ ಆದೇಶ ಕೊಟ್ಟವರು ಒಂದು ಮಾತು ಕೇಳಿ ತಿಳಿದುಕೊಳ್ಳಬಹುದಿತ್ತು. ಹಾಗಾಗಿ ಈ ಪತ್ರ ನಿಮಗೆ.

ಆ ಜಾತಿಗೆ ವುಡ್ ಫ್ರಾಗ್ ಅನ್ನುತ್ತಾರೆ. ಉತ್ತರ ಅಮೆರಿಕದ ಕಪ್ಪೆ. ದಕ್ಷಿಣದಲ್ಲಿ ಅಪಲೇಶಿಯನ್ ಬೆಟ್ಟಗಳಿಂದ ಹಿಡಿದು ಉತ್ತರದಲ್ಲಿ ಅಲಾಸ್ಕದ ತನಕ, ಆರ್ಕ್ಟಿಕ್ ವೃತ್ತದ ಆಚೆಗೂ ಇದೆ. ಕಪ್ಪೆಗಳು ಹೆಪ್ಪುಗಟ್ಟಿ ಮತ್ತೆ ಬದುಕಬಲ್ಲವು ಅಂತ ವಿಜ್ಞಾನಿ ವಿಲಿಯಂ ಶ್ಮಿಡ್ 1982ರಲ್ಲಿ ಬರೆದರು. ಆಮೇಲೆ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಕೆನ್ನೆತ್ ಸ್ಟೋರಿ, ಜಾನೆಟ್ ಸ್ಟೋರಿ, ಒಹಾಯೊದ ಮಯಾಮಿ ವಿಶ್ವವಿದ್ಯಾಲಯದ ಜಾನ್ ಕೊಸ್ಟಾಂಜೊ, ರಿಚರ್ಡ್ ಲೀ ಇವರೆಲ್ಲ ದಶಕಗಟ್ಟಲೆ ಇದರ ಬೆನ್ನು ಹತ್ತಿದರು. ಅಂದರೆ ಇದು ಯಾರೋ ಹೇಳಿದ ಕಟ್ಟುಕಥೆಯಲ್ಲ. ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಗೊತ್ತಿರುವ ವಿಷಯ, ಕಾಡು ನೋಡಿಕೊಳ್ಳುವವರ ಕೈಪಿಡಿಗೆ ಇಷ್ಟು ಹೊತ್ತಿಗೆ ಬಂದಿರಬೇಕಿತ್ತು, ಅಲ್ವಾ?

ಈಗ ಆ ಕಪ್ಪೆಯ ಮೈಯೊಳಗೆ ಏನು ನಡೆಯುತ್ತದೆ ನೋಡಿ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ನನ್ನ ಬೇಡಿಕೆಗಳೆಲ್ಲ ಇದರಿಂದಲೇ ಹುಟ್ಟಿದವು.

ಚಳಿಯಲ್ಲಿ ಜೀವಿ ಸಾಯುವುದು ಬರೀ ತಣ್ಣಗಾಗಿ ಅಲ್ಲ. ಮೈಯೊಳಗಿನ ನೀರು ಮಂಜುಗಡ್ಡೆ ಆಗುವುದರಿಂದ. ಗಡ್ಡೆಯಾದ ನೀರು ಹಿಗ್ಗುತ್ತದೆ, ಅದರ ಹರಳುಗಳು ಚೂಪಾಗಿರುತ್ತವೆ. ಜೀವಕೋಶದ ಒಳಗೇ ಗಡ್ಡೆ ಕಟ್ಟಿದರೆ ಕೋಶ ಹಾಳಾಯಿತು ಅಂತಲೇ ಲೆಕ್ಕ. ಇನ್ನೊಂದು ಅಪಾಯ ಉಂಟು. ಗಡ್ಡೆ ಕೋಶದ ಹೊರಗೆ ಕಟ್ಟಿದರೆ ಅದು ಒಳಗಿನ ನೀರನ್ನು ಹೊರಗೆ ಎಳೆದುಕೊಳ್ಳುತ್ತದೆ, ಕೋಶ ಒಣಗಿ ಸುಕ್ಕುಗಟ್ಟಿ ಕುಸಿಯುತ್ತದೆ. ಒಳಗೆ ಕಟ್ಟಿದರೆ ಒಡೆಯುತ್ತದೆ, ಹೊರಗೆ ಕಟ್ಟಿದರೆ ಒಣಗುತ್ತದೆ.

ಈ ಕಪ್ಪೆ ಎರಡನೆಯದನ್ನು ಆರಿಸಿಕೊಂಡು, ಕೋಶ ಪೂರ್ತಿ ಒಣಗದ ಹಾಗೆ ಒಂದು ದಾರಿ ಮಾಡಿಕೊಂಡಿದೆ. ಒದ್ದೆ ಎಲೆಯ ಮೇಲಿನ ಮಂಜಿನ ಹರಳು ಚರ್ಮಕ್ಕೆ ತಾಗಿದ ಕೂಡಲೇ ಗಡ್ಡೆ ಕಟ್ಟುವುದು ಶುರು. ಅಷ್ಟು ಹೊತ್ತಿಗೆ ಚಳಿ ಇನ್ನೂ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಇರುತ್ತದೆ, ಅಷ್ಟೇ. ಚರ್ಮದಲ್ಲಿ ಗಡ್ಡೆ ಶುರುವಾದ ಕೆಲವೇ ನಿಮಿಷಗಳಲ್ಲಿ ಲಿವರ್‌ಗೆ ಸುದ್ದಿ ಹೋಗುತ್ತದೆ. ಬೇಸಿಗೆಯೆಲ್ಲ ತಿಂದು ಕೂಡಿಟ್ಟ ಗ್ಲೈಕೋಜನ್ ಅಲ್ಲಿ ತುಂಬಿರುತ್ತದೆ. ಲಿವರ್ ಅದನ್ನು ಒಡೆದು ಗ್ಲೂಕೋಸ್ ಮಾಡಿ ರಕ್ತಕ್ಕೆ ಸುರಿಯುತ್ತದೆ. ಎಷ್ಟು ಅಂದರೆ, ಆರೋಗ್ಯವಂತ ಮನುಷ್ಯರ ರಕ್ತದಲ್ಲಿರುವ ಸಕ್ಕರೆಯ ಹತ್ತಾರು ಪಟ್ಟು. ನಮಗೆ ಅದರ ಕಾಲು ಭಾಗ ಏರಿದರೂ ಜೀವಕ್ಕೆ ಅಪಾಯ. ಕಪ್ಪೆಗೆ ಅದೇ ಕಾವಲು. ಸಕ್ಕರೆ ತುಂಬಿದ ಕೋಶದಿಂದ ನೀರು ಅಷ್ಟು ಸುಲಭವಾಗಿ ಹೊರಗೆ ಹೋಗುವುದಿಲ್ಲ, ಒಳಗೆ ಗಡ್ಡೆಯೂ ಕಟ್ಟುವುದಿಲ್ಲ. ಜೊತೆಗೆ ಶರತ್ಕಾಲದಿಂದಲೇ ಮೈಯಲ್ಲಿ ಯೂರಿಯಾ ಉಳಿಸಿಕೊಂಡಿರುತ್ತದೆ, ಅದೂ ಇದೇ ಕೆಲಸಕ್ಕೆ ಬರುತ್ತದೆ. ಬೇರೆ ಪ್ರಾಣಿ ಮೂತ್ರದಲ್ಲಿ ಹೊರಗೆ ಬಿಡುವ ವಸ್ತುವನ್ನು ಇದು ಚಳಿಗಾಲಕ್ಕೆ ಅಂತ ಜೋಪಾನ ಮಾಡುತ್ತದೆ.

ಹೊರಗೆ ಗಡ್ಡೆ ಹಬ್ಬುತ್ತಾ ಹೋಗುತ್ತದೆ. ಚರ್ಮದ ಅಡಿಯಲ್ಲಿ, ಸ್ನಾಯುಗಳ ಸಂದಿಯಲ್ಲಿ, ಹೊಟ್ಟೆಯ ಖಾಲಿ ಜಾಗದಲ್ಲಿ. ಕಣ್ಣಿನ ಮಸೂರವೂ ಹೆಪ್ಪುಗಟ್ಟುತ್ತದೆ, ಕಣ್ಣು ಬೆಳ್ಳಗಾಗುವುದು ಅದಕ್ಕೇ. ಹೃದಯ ಮಾತ್ರ ಇನ್ನೂ ಹಲವು ಗಂಟೆ ಬಡಿಯುತ್ತಲೇ ಇರುತ್ತದೆ, ಸಕ್ಕರೆಯನ್ನು ಮೈಯೆಲ್ಲ ಹಂಚುವುದಕ್ಕೆ. ಆಮೇಲೆ ಅದೂ ನಿಲ್ಲುತ್ತದೆ. ಉಸಿರು ಇಲ್ಲ, ರಕ್ತದ ಓಡಾಟ ಇಲ್ಲ, ಮಿದುಳಿನಲ್ಲಿ ಚಟುವಟಿಕೆ ಇಲ್ಲ. ಮೈಯ ನೀರಿನಲ್ಲಿ ಸುಮಾರು 65 ಪ್ರತಿಶತದಷ್ಟು ಮಂಜುಗಡ್ಡೆ.

ವಸಂತದಲ್ಲಿ ಕರಗುವಾಗ ಇದೆಲ್ಲ ಹಿಂದಕ್ಕೆ ತಿರುಗುತ್ತದೆ. ಸಕ್ಕರೆ ಜಾಸ್ತಿ ಇರುವ ಒಳಗಿನ ಅಂಗಗಳು ಬೇಗ ಕರಗುತ್ತವೆ. ಮೈಯಲ್ಲಿ ಇನ್ನೂ ಗಡ್ಡೆ ಇರುವಾಗಲೇ ಹೃದಯ ಒಂದು ಸಲ ಮಿಡಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ. ಆಮೇಲೆ ಗಂಟಲು ಅದುರಿ ಉಸಿರು ಬರುತ್ತದೆ. ಕಾಲು ಎಳೆದುಕೊಳ್ಳುವುದು, ಕೂರುವುದು, ಕುಪ್ಪಳಿಸುವುದು ಎಲ್ಲ ಅದರ ನಂತರ. ಇದರ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಆ ಗಂಟಲು ಅದುರುವ ಜಾಗ ಬಂದಾಗ ನನ್ನ ಉಸಿರು ಹಿಡಿದುಕೊಳ್ಳುತ್ತದೆ.

ಇಷ್ಟು ಕೇಳಿದ ಮೇಲೆ ಹೆಚ್ಚಿನವರು ಹೇಳುವ ಮಾತು ಒಂದೇ. "ಹಾಗಾದರೆ ಅದು ಭಾರೀ ಗಟ್ಟಿ ಪ್ರಾಣಿ. ಹೆಪ್ಪುಗಟ್ಟಿದರೂ ಸಾಯಲ್ಲ ಅಂದಮೇಲೆ ನಾಲ್ಕು ಎಲೆ ತೆಗೆದರೆ ಏನಾಗುತ್ತದೆ?"

ನಾನು ಉತ್ತರ ಕೊಡಬೇಕಾಗಿರುವುದು ಇದಕ್ಕೇ. ಕಪ್ಪೆಯ ಈ ವಿದ್ಯೆ ನಿಧಾನದ ಮೇಲೆ ನಿಂತಿದೆ. ಲಿವರ್ ಸಕ್ಕರೆ ಮಾಡಬೇಕು, ಹೃದಯ ಅದನ್ನು ಹಂಚಬೇಕು, ಎಲ್ಲಾ ಕಡೆ ತಲುಪಿದ ಮೇಲೆ ಹೃದಯ ನಿಲ್ಲಬೇಕು. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಚಳಿ ಒಮ್ಮೆಲೇ ನುಗ್ಗಿದರೆ ಸಕ್ಕರೆ ಕಾಲಿಗೆ, ಮಿದುಳಿಗೆ ತಲುಪುವ ಮುಂಚೆಯೇ ಹೃದಯ ನಿಂತುಬಿಡುತ್ತದೆ. ಬೇಗ ತಣ್ಣಗೆ ಮಾಡಿದ ಕಪ್ಪೆ ಬದುಕುವುದಿಲ್ಲ, ನಿಧಾನವಾಗಿ ಮಾಡಿದ್ದು ಬದುಕುತ್ತದೆ ಅನ್ನುವುದನ್ನು ಪ್ರಯೋಗಗಳಲ್ಲೇ ಕಂಡಿದ್ದಾರೆ. ಕಾಡಿನಲ್ಲಿ ಆ ನಿಧಾನ ಕೊಡುವುದು ಯಾರು? ತರಗೆಲೆ. ಈ ಕಪ್ಪೆ ಆಳಕ್ಕೆ ತೋಡಿಕೊಂಡು ಹೋಗುವುದಿಲ್ಲ. ಎಲೆಯ ಅಡಿಯಲ್ಲಿ, ಮಣ್ಣಿನ ಮೇಲ್ಮೈಯಲ್ಲಿ ಸುಮ್ನೆ ಕೂರುತ್ತದೆ. ನೀವು ಕಸ ಅಂತ ಬಾಚಿಸುವ ಆ ಎಲೆ ಇದರ ಕಂಬಳಿ.

ಅಲಾಸ್ಕ ವಿಶ್ವವಿದ್ಯಾಲಯದ ಡಾನ್ ಲಾರ್ಸನ್ ಮತ್ತು ಬ್ರಯನ್ ಬಾರ್ನ್ಸ್ ಜೊತೆಗಾರರೊಂದಿಗೆ ಸೇರಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫೇರ್‌ಬ್ಯಾಂಕ್ಸ್ ಹತ್ತಿರ ಕಪ್ಪೆಗಳು ತಾವೇ ಎಲೆಯ ಅಡಿ ಜಾಗ ಹುಡುಕಿಕೊಂಡು ಚಳಿಗಾಲ ಕಳೆಯುವುದನ್ನು ಹಿಂಬಾಲಿಸಿ ನೋಡಿದ ಕೆಲಸ ಅದು. ಕಪ್ಪೆಗಳು ಏಳು ತಿಂಗಳ ತನಕ ಹೆಪ್ಪುಗಟ್ಟಿಯೇ ಇದ್ದವು. ಮೈಯ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ತನಕ ಇಳಿದದ್ದೂ ಉಂಟು. ಗಮನಿಸಿದ ಕಪ್ಪೆಗಳೆಲ್ಲ ಬದುಕಿ ಎದ್ದವು. ಅದಕ್ಕೆ ಮುಂಚೆ ಪ್ರಯೋಗಾಲಯದಲ್ಲಿ ಕಂಡಿದ್ದಕ್ಕಿಂತ ಇದು ಎಷ್ಟೋ ಮುಂದೆ. ಯಾಕೆ ಹೀಗೆ? ಕಾಡಿನಲ್ಲಿ ಶರತ್ಕಾಲದ ಶುರುವಿನಲ್ಲಿ ಕಪ್ಪೆ ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಮತ್ತೆ ರಾತ್ರಿ, ಮತ್ತೆ ಹಗಲು. ಹೀಗೆ ಹತ್ತು ಹದಿನೈದು ಸಲ. ಒಂದೊಂದು ಸಲವೂ ಲಿವರ್ ಇನ್ನಷ್ಟು ಸಕ್ಕರೆ ಬಿಡುತ್ತದೆ, ಅದು ಅಂಗಾಂಗದಲ್ಲಿ ಉಳಿಯುತ್ತಾ ಹೋಗುತ್ತದೆ. ಪ್ರಯೋಗಾಲಯದಲ್ಲಿ ಒಂದೇ ಸಲ ಹೆಪ್ಪುಗಟ್ಟಿಸಿದ ಕಪ್ಪೆಗೆ ಹೋಲಿಸಿದರೆ ಕಾಡಿನ ಕಪ್ಪೆಯ ಸ್ನಾಯುವಿನಲ್ಲಿ 13 ಪಟ್ಟು, ಹೃದಯದಲ್ಲಿ 10 ಪಟ್ಟು ಸಕ್ಕರೆ ಇತ್ತು. ಅಷ್ಟು ಹೊತ್ತಿಗೆ ಅದು ನಿಜವಾದ ಚಳಿಗೆ ತಯಾರು.

ಈ ತಯಾರಿ ನಡೆಯುವುದು ಯಾವಾಗ ಅನ್ನುವುದನ್ನು ನೋಡಿ. ಎಲೆ ಉದುರಿದ ಮೇಲೆ, ಹಿಮ ಬೀಳುವ ಮುಂಚೆ. ನಿಮ್ಮ ಎಲೆ ಬಾಚುವ ಕೆಲಸ ನಡೆಯುವುದೂ ಅದೇ ವಾರಗಳಲ್ಲಿ.

ಆಮೇಲೆ ಹಿಮದ ವಿಷಯ. ಹಿಮ ಅಂದರೆ ಚಳಿ ಅಂತ ನಾವು ಅಂದುಕೊಳ್ಳುತ್ತೇವೆ. ನೆಲದಲ್ಲಿ ಕೂತ ಜೀವಿಗೆ ಹಿಮ ಬಿಸಿಯ ಹೊದಿಕೆ. ಹಗುರವಾಗಿ ಬಿದ್ದ ಹಿಮದ ತುಂಬ ಗಾಳಿ ಇರುತ್ತದೆ, ಆ ಗಾಳಿಯೇ ನೆಲದ ಬಿಸಿಯನ್ನು ಹೊರಗೆ ಬಿಡದೆ ಹಿಡಿಯುತ್ತದೆ. ಫೇರ್‌ಬ್ಯಾಂಕ್ಸ್‌ನಲ್ಲಿ ಹೊರಗಿನ ಗಾಳಿ ಮೈನಸ್ 40ಕ್ಕೆ ಇಳಿಯುವುದು ಅಪರೂಪವೇನಲ್ಲ. ಎಲೆ ಮತ್ತು ಹಿಮದ ಅಡಿಯಲ್ಲಿದ್ದ ಕಪ್ಪೆ ಕಂಡ ಅತಿ ಕೆಟ್ಟ ಚಳಿ ಮೈನಸ್ 18. ಈ ಎರಡರ ನಡುವಿನ ಅಂತರವೇ ಅದರ ಜೀವ. ಹಿಮದ ಮೇಲೆ ಯಂತ್ರ ಓಡಿಸಿ ಒತ್ತಿ ಗಟ್ಟಿ ಮಾಡಿದರೆ ಒಳಗಿನ ಗಾಳಿ ಹೋಯಿತು, ಹೊದಿಕೆ ತೆಳುವಾಯಿತು. ಪೂರ್ತಿ ತೆಗೆದರಂತೂ ಕೇಳುವುದೇ ಬೇಡ. 2013-14ರ ಚಳಿಗಾಲ ಅಮೆರಿಕದಲ್ಲಿ ಜೋರಾಗಿತ್ತು. ಆಗ ಇದೇ ಜಾತಿಯ ಕಪ್ಪೆಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವು ಜಾಗದಲ್ಲಿ ಹಿಮವನ್ನು ಹಾಗೇ ಬಿಟ್ಟರು, ಕೆಲವು ಕಡೆ ಬಿದ್ದ ಹಿಮ ತೆಗೆದರು. ಹಿಮ ಹಾಗೇ ಇದ್ದ ಕಡೆ, ಕಪ್ಪೆಗಳು ತಾವೇ ಆರಿಸಿಕೊಂಡ ಜಾಗದಲ್ಲಿ, ನೂರಕ್ಕೆ ಸುಮಾರು 75 ಬದುಕಿದವು. ಹಿಮ ತೆಗೆದ ಕಡೆ ಬದುಕುವ ಸಾಧ್ಯತೆ ತುಂಬಾ ಕೆಳಗೆ ಬಿತ್ತು.

"ಈಗ ಹೇಗೂ ಚಳಿಗಾಲ ಬೆಚ್ಚಗಾಗುತ್ತಿದೆ, ಕಪ್ಪೆಗೆ ಒಳ್ಳೆಯದೇ ಆಯಿತಲ್ಲ" ಅನ್ನುವವರೂ ಇದ್ದಾರೆ. ಇಲ್ಲ. ಬೆಚ್ಚಗಾದರೆ ಹಿಮ ಕಮ್ಮಿ ಬೀಳುತ್ತದೆ, ಬೇಗ ಕರಗುತ್ತದೆ. ಹೊದಿಕೆ ಇಲ್ಲದ ನೆಲ ಒಂದು ಚಳಿಯ ರಾತ್ರಿಗೆ ಸಿಕ್ಕಿದರೆ ಮೊದಲಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಇನ್ನೊಂದು, ಮಧ್ಯ ಚಳಿಗಾಲದಲ್ಲಿ ನಾಲ್ಕು ದಿನ ಬಿಸಿಲು ಬಂದರೆ ಕಪ್ಪೆ ಕರಗುತ್ತದೆ, ಮೈ ಕೆಲಸ ಶುರು ಮಾಡುತ್ತದೆ, ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ. ತಿನ್ನುವುದಕ್ಕೆ ಹೊರಗೆ ಏನೂ ಇಲ್ಲ. ವಸಂತದಲ್ಲಿ ಎದ್ದ ಕೂಡಲೇ ಈ ಕಪ್ಪೆ ಏನನ್ನೂ ತಿನ್ನದೆ ನೇರ ನೀರಿಗೆ ಹೋಗಿ ಮೊಟ್ಟೆ ಇಡಬೇಕು. ಬೇಸಿಗೆಗೆ ಒಣಗಿ ಹೋಗುವ ಚಿಕ್ಕ ಗುಂಡಿಗಳೇ ಅದರ ತೊಟ್ಟಿಲು. ನೀರು ಒಣಗುವ ಮುಂಚೆ ಗೊದಮೊಟ್ಟೆ ಕಪ್ಪೆಯಾಗಬೇಕು. ಎಲೆಯ ಅಡಿ, ಮೇಲ್ಮೈಯಲ್ಲೇ ಮಲಗುವುದರ ಲಾಭ ಇದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಆಳದಲ್ಲಿ ಇದ್ದಿದ್ದರೆ ಇಷ್ಟು ಬೇಗ ಕರಗಿ ಏಳುವುದಕ್ಕೆ ಆಗುತ್ತಿರಲಿಲ್ಲ.

ವುಡ್ ಫ್ರಾಗ್ ಒಂದೇ ಅಲ್ಲ. ಗ್ರೇ ಟ್ರೀ ಫ್ರಾಗ್ ಅನ್ನುವ ಮರಗಪ್ಪೆ ಗ್ಲಿಸರಾಲ್ ಬಳಸಿ ಇದೇ ಕೆಲಸ ಮಾಡುತ್ತದೆ. ಬೆರಳ ತುದಿಯಷ್ಟೇ ಇರುವ ಬೋರಿಯಲ್ ಕೋರಸ್ ಫ್ರಾಗ್ ರಾಕಿ ಪರ್ವತಗಳಲ್ಲಿ 3,000 ಮೀಟರ್‌ಗಿಂತ ಎತ್ತರದಲ್ಲೂ ಚಳಿಗಾಲ ಕಳೆಯುತ್ತದೆ. ಸೈಬೀರಿಯಾದ ಸಾಲಮ್ಯಾಂಡರ್ (ನೋಡಲು ಹಲ್ಲಿಯ ಹಾಗಿರುವ, ಕಪ್ಪೆಯ ದೂರದ ನೆಂಟ) ಇವೆಲ್ಲಕ್ಕಿಂತ ಮುಂದೆ, ಮೈನಸ್ 35 ಡಿಗ್ರಿಗಿಂತ ಕೆಳಗಿನ ಚಳಿಯನ್ನೂ ತಡೆಯಬಲ್ಲದು. ಆಂಡಿಸ್ ಪರ್ವತದಲ್ಲಿ, ಪೆರುವಿನ ವಿಲ್ಕನೋಟ ಶ್ರೇಣಿಯಲ್ಲಿ 5,000 ಮೀಟರ್ ದಾಟಿದ ಮೇಲೂ ಕಪ್ಪೆಗಳಿವೆ. ಅಲ್ಲಿ ಚಳಿ ಋತುವಿನ ಲೆಕ್ಕದಲ್ಲಿ ಬರುವುದಿಲ್ಲ. ಹಗಲು ಬಿಸಿಲು, ರಾತ್ರಿ ಸೊನ್ನೆಗಿಂತ ಕೆಳಗೆ, ಹೆಚ್ಚುಕಮ್ಮಿ ದಿನವೂ.

ಹಾಗಂತ ಬೆಟ್ಟದ ಎಲ್ಲ ಕಪ್ಪೆಗಳಿಗೂ ಹೆಪ್ಪುಗಟ್ಟಿ ಬದುಕುವುದು ಗೊತ್ತಿಲ್ಲ. ಬಹಳಷ್ಟು ಜಾತಿಗಳು ಚಳಿಯಿಂದ ತಪ್ಪಿಸಿಕೊಂಡೇ ಬದುಕುತ್ತವೆ, ಮತ್ತು ನಮ್ಮಿಂದ ಜಾಸ್ತಿ ಪೆಟ್ಟು ತಿನ್ನುವುದು ಇವೇ.

ನೆಲಗಪ್ಪೆಗಳನ್ನು ತೆಗೆದುಕೊಳ್ಳಿ. ಅಮೆರಿಕನ್ ಟೋಡ್ ಹಿಂಗಾಲಿನಿಂದ ಮಣ್ಣು ತೋಡುತ್ತಾ ಹಿಂದೆ ಹಿಂದೆ ಸರಿದು ಒಳಗೆ ಹೋಗುತ್ತದೆ. ಮೇಲಿನಿಂದ ಮಣ್ಣು ಹೆಪ್ಪುಗಟ್ಟುತ್ತಾ ಬಂದ ಹಾಗೆ ಅದೂ ಇನ್ನಷ್ಟು ಕೆಳಗೆ ಇಳಿಯುತ್ತದೆ, ಕತ್ತಲಲ್ಲಿ, ಚಳಿಗಿಂತ ಒಂದು ಗೇಣು ಮುಂದೆ. ರಾಕಿ ಪರ್ವತದ ಬೋರಿಯಲ್ ಟೋಡ್ ಅಳಿಲುಗಳು ತೋಡಿದ ಬಿಲಗಳಲ್ಲಿ, ತೊರೆಯ ಪಕ್ಕದ ಪೊಟರೆಗಳಲ್ಲಿ ಮಲಗುತ್ತದೆ. ಮಣ್ಣು ಸಡಿಲ ಇದ್ದರೆ ಮಾತ್ರ ಇದೆಲ್ಲ ಸಾಧ್ಯ. ಭಾರದ ಗಾಡಿ ಹತ್ತಿಸಿ ಮಣ್ಣನ್ನು ರಸ್ತೆಯ ಹಾಗೆ ಗಟ್ಟಿ ಮಾಡಿದ ಕಡೆ ಅದು ತೋಡುವುದು ಎಲ್ಲಿಗೆ?

ಆಲ್ಪ್ಸ್‌ನ ಕಪ್ಪು ಸಾಲಮ್ಯಾಂಡರ್ ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಕಾಲ ಕಲ್ಲಿನ ಸಂದಿಯ ಆಳದಲ್ಲೇ ಇರುತ್ತದೆ. ಅದು ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸಾಮಾನ್ಯವಾಗಿ ಎರಡೇ ಮರಿ. ಗರ್ಭ ಎರಡು ಮೂರು ವರ್ಷ. ಇದನ್ನು ಸ್ವಲ್ಪ ನಿಂತು ಯೋಚಿಸಿ. ಎರಡು ಮರಿಗೆ ಮೂರು ವರ್ಷ. ಅಂಥ ಇಳಿಜಾರಿನಲ್ಲಿ ಒಂದು ಬೇಸಿಗೆ ಬುಲ್ಡೋಜರ್ ಓಡಿಸಿದರೆ ಕಳೆದುಹೋದದ್ದನ್ನು ತುಂಬಿಸಿಕೊಳ್ಳಲು ಆ ಪ್ರಾಣಿಗೆ ಎಷ್ಟು ಕಾಲ ಬೇಕಾದೀತು?

ಇನ್ನು ಕೆರೆಗಳು. ನೀರಿನ ಒಂದು ಗುಣ ಎಷ್ಟೋ ಕಪ್ಪೆಗಳನ್ನು ಉಳಿಸಿದೆ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಹಾಗಾಗಿ ಚಳಿಗಾಲದಲ್ಲಿ 4 ಡಿಗ್ರಿಯ ನೀರು ತಳಕ್ಕೆ ಇಳಿಯುತ್ತದೆ, ಗಡ್ಡೆ ಮೇಲೆ ತೇಲುತ್ತದೆ. ಯುರೋಪಿನ ಬೆಟ್ಟಗಳ ಸಾಮಾನ್ಯ ಕಪ್ಪೆಗಳಲ್ಲಿ ಎಷ್ಟೋ ಕೆರೆಯ, ತೊರೆಯ ತಳದಲ್ಲಿ ಕೂತು, ಮೂಗು ಮುಚ್ಚಿ, ಬರೀ ಚರ್ಮದಿಂದ ಉಸಿರಾಡುತ್ತಾ ತಿಂಗಳುಗಟ್ಟಲೆ ಇರುತ್ತವೆ. ಚಳಿಯಲ್ಲಿ ಮೈಗೆ ಆಮ್ಲಜನಕ ಬೇಕಾಗುವುದು ಸ್ವಲ್ಪವೇ, ಅಷ್ಟನ್ನು ತಣ್ಣನೆಯ ನೀರು ಕೊಡುತ್ತದೆ. ಆದರೆ ಎರಡು ಷರತ್ತು. ಕೆರೆ ತಳದ ತನಕ ಹೆಪ್ಪುಗಟ್ಟಬಾರದು, ಮತ್ತು ನೀರಿನಲ್ಲಿ ಆಮ್ಲಜನಕ ಮುಗಿಯಬಾರದು. ಮೇಲೆ ದಪ್ಪ ಗಡ್ಡೆ, ಅದರ ಮೇಲೆ ಹಿಮ, ಬೆಳಕು ಒಳಗೆ ಬರದು, ತಳದಲ್ಲಿ ಕೊಳೆಯುವ ವಸ್ತು ಜಾಸ್ತಿ ಇದ್ದರೆ ಆಮ್ಲಜನಕ ಖಾಲಿಯಾಗಿ ಕಪ್ಪೆಗಳು ಒಟ್ಟಿಗೇ ಸಾಯುತ್ತವೆ. ಹೂಳು ತುಂಬಿ ಆಳ ಕಮ್ಮಿಯಾದ ಕೆರೆ, ಸುತ್ತಲಿನ ಕೊಳಚೆ ಬಂದು ಸೇರುವ ಕೆರೆ ಬೇಸಿಗೆಯಲ್ಲಿ ನೋಡಲು ಚೆನ್ನಾಗಿಯೇ ಕಾಣಬಹುದು. ಅದು ಕಪ್ಪೆಗೆ ಆಗಿಬರುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಚಳಿಗಾಲದಲ್ಲಿ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ಹಳದಿ ಕಾಲಿನ ಕಪ್ಪೆಯ ಕಥೆ ನಿಮ್ಮ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತಿರಬೇಕು. ಅಷ್ಟು ಎತ್ತರದ ಚಳಿಯಲ್ಲಿ ಅದರ ಗೊದಮೊಟ್ಟೆ ಒಂದು ಬೇಸಿಗೆಯಲ್ಲಿ ಕಪ್ಪೆ ಆಗುವುದಿಲ್ಲ. ಎರಡರಿಂದ ನಾಲ್ಕು ವರ್ಷ ಬೇಕು. ಅಷ್ಟೂ ಚಳಿಗಾಲ ಅದು ಗಡ್ಡೆಯ ಅಡಿಯಲ್ಲಿ, ನೀರಿನಲ್ಲೇ ಕಳೆಯಬೇಕು. ಹಾಗಾಗಿ ಅದಕ್ಕೆ ತಳದ ತನಕ ಹೆಪ್ಪುಗಟ್ಟದ ಆಳದ ಕೆರೆಯೇ ಬೇಕು. ಆ ಎತ್ತರದ ಕೆರೆಗಳಲ್ಲಿ ಹೆಚ್ಚಿನವುಗಳಲ್ಲಿ ಮೊದಲು ಮೀನೇ ಇರಲಿಲ್ಲ. ಗಾಳ ಹಾಕುವವರಿಗೆ ಅನುಕೂಲವಾಗಲಿ ಅಂತ ಜನ ಟ್ರೌಟ್ ಮೀನು ತಂದು ಬಿಟ್ಟರು, ಆಮೇಲೆ ವಿಮಾನದಿಂದಲೂ ಸುರಿದರು. ಮೀನಿಗೂ ಆಳದ ಕೆರೆಯೇ ಬೇಕಲ್ಲ. ಗೊದಮೊಟ್ಟೆಗಳನ್ನು ಮೀನು ತಿಂದಿತು. ಮೀನು ಬಾರದ ಆಳವಿಲ್ಲದ ಗುಂಡಿಗಳಿಗೆ ಹೋದ ಕಪ್ಪೆಗಳಿಗೆ ಚಳಿಗಾಲ ದಾಟಲು ಜಾಗ ಇರಲಿಲ್ಲ. ಆಮೇಲೆ ಕೈಟ್ರಿಡ್ ಅನ್ನುವ ಶಿಲೀಂಧ್ರದ ರೋಗವೂ ಬಂತು. ಮೀನು ತೆಗೆದ ಕೆರೆಗಳಲ್ಲಿ ಕಪ್ಪೆಗಳು ಕೆಲವೇ ವರ್ಷಗಳಲ್ಲಿ ಮತ್ತೆ ಹೆಚ್ಚಿದವು. ಇದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ತಪ್ಪು ಮಾಡಿದ್ದನ್ನು ತಿದ್ದಬಹುದು, ಕಪ್ಪೆ ವಾಪಸ್ ಬರುತ್ತದೆ ಅನ್ನುವುದನ್ನು ಅವರು ಮಾಡಿ ತೋರಿಸಿದ್ದಾರೆ. ನನಗೆ ಈ ಇಡೀ ವಿಷಯದಲ್ಲಿ ಧೈರ್ಯ ಕೊಡುವ ಭಾಗ ಇದು.

2023ರಲ್ಲಿ ಬಂದ ಜಾಗತಿಕ ಲೆಕ್ಕದ ಪ್ರಕಾರ ಜಗತ್ತಿನ ಉಭಯಚರಗಳಲ್ಲಿ ನೂರಕ್ಕೆ ಸುಮಾರು 41 ಜಾತಿಗಳು ಅಳಿವಿನ ಅಪಾಯದಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಗುಂಪು ಇನ್ನೊಂದಿಲ್ಲ.

ಈಗ ನಿಮ್ಮ ಕಷ್ಟಗಳು. ಅವು ನನಗೂ ಅರ್ಥವಾಗುತ್ತವೆ. ಕಾಲುದಾರಿಯ ಮೇಲೆ ಒದ್ದೆ ಎಲೆ ಇದ್ದರೆ ಜನ ಜಾರಿ ಬೀಳುತ್ತಾರೆ. ಒಣ ಎಲೆಗೆ ಬೆಂಕಿ ಬಿದ್ದರೆ ಕಾಡೇ ಹೋಗುತ್ತದೆ. ಸರಿ. ದಾರಿಯ ಮೇಲಿನ ಎಲೆ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ತೆಗೆದದ್ದನ್ನು ಪಕ್ಕದ ಕಾಡಿಗೆ ಹರಡಿ, ಸುಡಬೇಡಿ. ದಾರಿಯ ಎರಡೂ ಬದಿ ನೆಲ ಕಾಣುವ ತನಕ ಬಾಚುವುದು ಬೇಡ. ಬೆಂಕಿಯ ಭಯಕ್ಕೆ ಎಲೆ ತೆಗೆಯಲೇಬೇಕಾದ ಜಾಗ ಇದ್ದರೆ, ಕಪ್ಪೆಗಳು ಎದ್ದು ನೀರಿಗೆ ಹೋದ ಮೇಲೆ ಆ ಕೆಲಸ ಇಟ್ಟುಕೊಳ್ಳಿ. "ಕೆರೆಯ ಸುತ್ತ ಸ್ವಲ್ಪ ಜಾಗ ಬಿಟ್ಟಿದ್ದೇವೆ" ಅನ್ನುವ ಉತ್ತರ ಸಾಲದು. ವುಡ್ ಫ್ರಾಗ್ ಮೊಟ್ಟೆ ಇಡುವುದು ಗುಂಡಿಯಲ್ಲಿ, ಚಳಿಗಾಲಕ್ಕೆ ಮಲಗುವುದು ಅಲ್ಲಿಂದ ನೂರಾರು ಮೀಟರ್ ದೂರದ ಕಾಡಿನಲ್ಲಿಯೂ ಇರಬಹುದು. ಎರಡೂ ಉಳಿಯಬೇಕು, ನಡುವಿನ ದಾರಿಯೂ ಉಳಿಯಬೇಕು. ವಸಂತದ ಮೊದಲ ಬೆಚ್ಚನೆಯ ಮಳೆಯ ರಾತ್ರಿಗಳಲ್ಲಿ ಅವು ಗುಂಪು ಗುಂಪಾಗಿ ರಸ್ತೆ ದಾಟುತ್ತವೆ. ಅಂಥ ನಾಲ್ಕೈದು ರಾತ್ರಿ ಆ ರಸ್ತೆ ಮುಚ್ಚಿದರೆ ದೊಡ್ಡ ನಷ್ಟವೇನೂ ಆಗದು. ರಸ್ತೆಯ ಗಡ್ಡೆ ಕರಗಿಸಲು ಸುರಿಯುವ ಉಪ್ಪಿನ ನೀರು ಗುಂಡಿಗಳಿಗೆ ಹರಿಯದ ಹಾಗೆ ಚರಂಡಿ ತಿರುಗಿಸಿ, ಅದು ಗೊದಮೊಟ್ಟೆಗಳಿಗೆ ಕೆಟ್ಟದ್ದು.

ಇನ್ನೊಂದು ಮುಖ್ಯ ಮಾತು. ಹೊಸ ರಸ್ತೆಗೋ ಹೊಸ ಇಳಿಜಾರಿಗೋ ಅನುಮತಿ ಕೊಡುವ ಮುಂಚೆ ಜಾಗದಲ್ಲಿ ಯಾವ ಪ್ರಾಣಿ ಇದೆ ಅಂತ ಪರೀಕ್ಷೆ ಮಾಡಿಸುತ್ತೀರಿ. ಆ ಪರೀಕ್ಷೆಯನ್ನು ಚಳಿಗಾಲದಲ್ಲಿ ಮಾಡಿ "ಇಲ್ಲಿ ಉಭಯಚರಗಳು ಕಂಡುಬಂದಿಲ್ಲ" ಅಂತ ಬರೆದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅವು ಅಲ್ಲೇ ಇರುತ್ತವೆ. ಕೂಗುವುದಿಲ್ಲ, ಕದಲುವುದಿಲ್ಲ, ಹೃದಯವೂ ಬಡಿಯುತ್ತಿರುವುದಿಲ್ಲ. ಬೇಸಿಗೆಯ ಕೊನೆಗೆ ಹೋದರೂ ಅಷ್ಟೇ, ಗುಂಡಿಗಳು ಒಣಗಿರುತ್ತವೆ, ನಕ್ಷೆಯಲ್ಲಿ ಅವಕ್ಕೆ ಒಂದು ಚುಕ್ಕಿಯೂ ಇರುವುದಿಲ್ಲ. ಹಿಮ ಕರಗುವ ವಾರಗಳಲ್ಲಿ ಹೋಗಿ, ರಾತ್ರಿ ಹೋಗಿ, ಕಿವಿಗೊಟ್ಟು ಕೇಳಿ. ಆ ಚಿಕ್ಕ ಗುಂಡಿಗಳನ್ನು ನಕ್ಷೆಗೆ ಸೇರಿಸಿ.

ಕಪ್ಪೆಯಿಂದ ಮನುಷ್ಯರಿಗೆ ಏನು ಲಾಭ ಅಂತ ಕೇಳುವವರಿಗೂ ಒಂದು ಉತ್ತರವಿದೆ. ದಾನ ಬಂದ ಅಂಗಗಳನ್ನು ಗಂಟೆಗಳ ಲೆಕ್ಕದಲ್ಲಿ ಮಾತ್ರ ಕಾಪಾಡಲು ಆಗುವುದು ವೈದ್ಯರ ದೊಡ್ಡ ಕಷ್ಟ. ಹೆಪ್ಪುಗಟ್ಟುವ ಜೀವಿಗಳಿಂದ ಕಲಿತು, ಗ್ಲೂಕೋಸ್‌ನ ಹತ್ತಿರದ ಒಂದು ವಸ್ತು ಬಳಸಿ, ಇಲಿಯ ಲಿವರನ್ನು ಮೈನಸ್ 6 ಡಿಗ್ರಿಯಲ್ಲಿ ಗಡ್ಡೆ ಕಟ್ಟದ ಹಾಗೆ ಮೂರು ದಿನ ಇಟ್ಟು ಮತ್ತೆ ಜೋಡಿಸಿದ ಕೆಲಸ 2014ರಲ್ಲಿ ಆಯಿತು. ಒಳ್ಳೆಯದೇ. ಆದರೆ ನಮಗೆ ಏನೂ ಕೊಡದಿದ್ದರೂ ನಾನು ಈ ಪತ್ರ ಬರೆಯುತ್ತಿದ್ದೆ.

ಕೊನೆಯದಾಗಿ, ಇವತ್ತೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಕೆಲಸದವರ ಕೈಗೆ, ಕಾಡಿಗೆ ಬರುವವರ ಕೈಗೆ ಒಂದು ಚೀಟಿ ಕೊಡಿ. ಅದರಲ್ಲಿ ಇಷ್ಟು ಬರೆದರೆ ಸಾಕು: ಎಲೆಯ ಅಡಿ ಕಲ್ಲಿನಂಥ ಕಪ್ಪೆ, ಬೆಳ್ಳನೆಯ ಕಣ್ಣಿನದು ಸಿಕ್ಕಿದರೆ ಅದು ಸತ್ತಿದೆ ಅಂದುಕೊಳ್ಳಬೇಡಿ. ಕಾಲು ಬಿಡಿಸಬೇಡಿ. ಬಿಸಿ ಮಾಡಬೇಡಿ, ಮನೆಗೆ ಒಯ್ಯಬೇಡಿ. ಸಿಕ್ಕ ಜಾಗದಲ್ಲೇ ಇಟ್ಟು ಮೇಲೆ ದಪ್ಪಗೆ ಎಲೆ ಮುಚ್ಚಿ.

ಈ ಸಲ ಎಲೆ ಉದುರುವ ಮುಂಚೆ ನಿಮ್ಮ ಉತ್ತರ ಬರಲಿ ಅಂತ ಕಾಯುತ್ತಿರುತ್ತೇನೆ.

ಇಂತಿ,
ಗುಡ್ಡೆಯ ಮೇಲೆ ಆ ಕಪ್ಪೆಯನ್ನು ಬಿಟ್ಟು ಬಂದವನು